ಕರುಳಿನ ಒಕ್ಕಲು

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಮಲ್ಲಿಪಟ್ಟಣವೆಂಬುದು ಒಂದು ಹೋಬಳಿಯ ಊರು. ಮಲೆನಾಡಿನ ಸೆರಗಿನ ಈ ಸೀಮೆಯಲ್ಲಿ ರಾಗಿಯ ಹೊಲವೂ ಉಂಟು, ಭತ್ತದ ಗದ್ದೆಯೂ ಉಂಟು. ಅಂತಹ ಊರಿನ ಒಂದು ಮನೆಯನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಬಹುದು. ಬಾಣಂತನಕ್ಕೆಂದು ಬೆಂಗಳೂರಿನಿಂದ ತವರಿಗೆ ಬಂದಿರುವ ಮಗಳು ಒಳಕೋಣೆಯಲ್ಲಿ ಇಪ್ಪತ್ತು ದಿನದ ಕೂಸಿಗೆ ಹಾಲೂಡುತ್ತಿದ್ದಾಳೆ. ಅಡುಗೆಮನೆಯಲ್ಲಿ ಅವಳ ತಾಯಿ ಮುದ್ದೆ ಕಟ್ಟುತ್ತಿದ್ದಾಳೆ. ಪಡಸಾಲೆಯ ಕಂಬಕ್ಕೊರಗಿ, ಎಂಬತ್ತರ ಸಮೀಪದ ಅಜ್ಜಿ ಊಟದ ಕರೆಗಾಗಿ ಕಾದು ಕುಳಿತಿದ್ದಾಳೆ.

"ಅತ್ತೆ, ನಿಮಗೆ ಮುದ್ದೆ ಬೇಡ. ಗಂಜಿ ಮಾಡಿದ್ದೀನಿ. ಹಾಲು ಬ್ರೆಡ್ಡು ಬೇಕಿದ್ದರೆ ಅದೂ ಇದೆ," ಎನ್ನುತ್ತಾಳೆ ಸೊಸೆ.

"ಹಲ್ಲು ಹೋಯಿತು, ಸರಿ. ನಾಲಗೆ ಎಲ್ಲಿಗೆ ಹೋಯಿತಮ್ಮ?" ಎಂದು ಅಜ್ಜಿ ಗೊಣಗುತ್ತಾಳೆ.

ಸೊಸೆಯ ಮಾತಿನಲ್ಲಿ ಕೊಂಕಿಲ್ಲ, ಇರುವುದು ಅಕ್ಕರೆಯೇ. ಮುದುಕರ ಹೊಟ್ಟೆಗೆ ಭಾರವಾದುದನ್ನು ಹಾಕಬಾರದೆಂಬುದು ನಮ್ಮ ಮನೆಮನೆಯ ನಂಬಿಕೆ. ಆದರೆ ಈ ಅಕ್ಕರೆಯ ಗಂಜಿಯಿಂದ ಅಜ್ಜಿಯೊಡನೆ ಇನ್ನೂ ಕೆಲವರು ಅರೆಹೊಟ್ಟೆಯಲ್ಲಿ ಉಳಿಯುವರು. ಅವರ ಸಂಖ್ಯೆ ಸುಮಾರು ೩೮ ಲಕ್ಷ ಕೋಟಿ!

ಇದು ಉತ್ಪ್ರೇಕ್ಷೆಯಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ಎಪ್ಪತ್ತು ಕಿಲೋಗ್ರಾಂ ತೂಕದ ತರುಣನೊಬ್ಬನನ್ನು ಮಾದರಿಯಾಗಿಟ್ಟುಕೊಂಡು ೨೦೧೬ರಲ್ಲಿ ಹಾಕಿದ ಲೆಕ್ಕವಿದು. ಅವನ ಸ್ವಂತ ಜೀವಕೋಶಗಳು ಸುಮಾರು ೩೦ ಲಕ್ಷ ಕೋಟಿಯಾದರೆ, ಅವನನ್ನು ಮನೆಮಾಡಿಕೊಂಡಿರುವ ಬ್ಯಾಕ್ಟೀರಿಯಗಳು ೩೮ ಲಕ್ಷ ಕೋಟಿ. ತಲೆ ಎಣಿಸಿದರೆ ಮನುಷ್ಯನೇ ಅಲ್ಪಸಂಖ್ಯಾತ. ಆದರೆ ಅವು ಎಷ್ಟು ಸೂಕ್ಷ್ಮವೆಂದರೆ, ಎಲ್ಲವನ್ನೂ ಕೂಡಿಸಿ ತಕ್ಕಡಿಗೆ ಹಾಕಿದರೂ ಒಂದು ಲೋಟ ಮಜ್ಜಿಗೆಯಷ್ಟು, ಅಂದರೆ ಸುಮಾರು ಇನ್ನೂರು ಗ್ರಾಂ ತೂಗಿಯಾವು. ಜಠರದ ಆಮ್ಲದಲ್ಲಿ ಬದುಕುವುದು ಕಷ್ಟ. ಸಣ್ಣ ಕರುಳಿನಲ್ಲಿ ಆಹಾರದ ಹರಿವು ಬಿರುಸು. ಆದುದರಿಂದ ಇವುಗಳಲ್ಲಿ ಬಹುಪಾಲು, ಗಾಳಿಯಿಲ್ಲದ, ಕತ್ತಲೆಯ, ನಿಧಾನದ ದೊಡ್ಡ ಕರುಳಿನಲ್ಲಿ ಬೀಡುಬಿಟ್ಟಿವೆ.

ಬ್ಯಾಕ್ಟೀರಿಯವೆಂದೊಡನೆ ಕಾಲರಾ, ಕ್ಷಯ, ವಿಷಮಶೀತಜ್ವರಗಳು ನೆನಪಿಗೆ ಬಂದು ಮೈ ಜುಮ್ಮೆನ್ನುವುದು ಸಹಜ. ಕರುಳಿನಲ್ಲಿರುವ ಈ ಪ್ರಜೆಗಳಾದರೋ ಬಹುಮಟ್ಟಿಗೆ ಆ ಜಾತಿಯವಲ್ಲ. ಇವುಗಳನ್ನು ಒಕ್ಕಲುಗಳೆಂದು ಕರೆದರೆ ಹೆಚ್ಚು ಒಪ್ಪುತ್ತದೆ. ಒಡೆಯನ ನೆಲದಲ್ಲಿ ಇದ್ದುಕೊಂಡು, ಅವನಿಗೆ ಅರಗದೆ ಉಳಿದುದನ್ನು ಉಂಡು, ಕಾಲಕ್ಕೆ ಸರಿಯಾಗಿ ಗೇಣಿ ಒಪ್ಪಿಸುವ ಒಕ್ಕಲುಗಳು. ಗೇಣಿಯೇನು ಸಾಮಾನ್ಯವಾದುದಲ್ಲ. ಧಾನ್ಯ, ಕಾಳು, ಸೊಪ್ಪುಗಳ ನಾರನ್ನು ಕರಗಿಸುವ ಸಾಮರ್ಥ್ಯ ಮನುಷ್ಯನ ಜೀರ್ಣರಸಗಳಿಗಿಲ್ಲ, ಈ ಬ್ಯಾಕ್ಟೀರಿಯಗಳಿಗಿದೆ. ಅವು ನಾರನ್ನು ಹುಳಿಯಿಸಿ ಬ್ಯುಟಿರೇಟ್ ಮೊದಲಾದ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರವೇ ಈ ಬ್ಯುಟಿರೇಟ್. ಇದಲ್ಲದೆ ಕೆಲವು ಬಿ ಜೀವಸತ್ತ್ವಗಳನ್ನೂ ಕೆ ಜೀವಸತ್ತ್ವವನ್ನೂ ಅವು ಉತ್ಪಾದಿಸುವುದುಂಟು. ರೋಗಾಣುಗಳು ಬಂದರೆ ಕೂರಲು ಜಾಗ ಕೊಡದೆ ಅಟ್ಟುವುದುಂಟು. ಶತ್ರು ಯಾರು, ಮಿತ್ರ ಯಾರು ಎಂಬ ಪಾಠವನ್ನು ದೇಹದ ರಕ್ಷಣಾವ್ಯವಸ್ಥೆಗೆ ಬಾಲ್ಯದಲ್ಲೇ ಹೇಳಿಕೊಡುವುದೂ ಉಂಟು.

ಈ ಒಕ್ಕಲು ಹುಟ್ಟಿದಂದಿನಿಂದ ಸಾಯುವ ತನಕ ಒಂದೇ ಆಗಿರುವುದಿಲ್ಲ ಎಂಬುದೇ ಇಲ್ಲಿಯ ಮುಖ್ಯ ಸಂಗತಿ. ಒಂದೇ ಸೂರಿನಡಿ, ಒಂದೇ ಒಲೆಯ ಅಡುಗೆ ಉಣ್ಣುವವರಲ್ಲಿಯೂ ಕೂಸಿನ ಕರುಳು ಒಂದು ರಾಜ್ಯ, ತಾಯಿಯದು ಇನ್ನೊಂದು, ಅಜ್ಜಿಯದು ಮತ್ತೊಂದು. ಪುಣೆಯ ವಿಜ್ಞಾನಿಗಳು ಇದನ್ನು ನಮ್ಮ ದೇಶದ ಅವಿಭಕ್ತ ಕುಟುಂಬಗಳಲ್ಲಿಯೇ ಪರೀಕ್ಷಿಸಿ ನೋಡಿದರು. ಮೂರು ತಲೆಮಾರು ಒಟ್ಟಿಗೆ ವಾಸಿಸುತ್ತಿದ್ದ ಎರಡು ಕುಟುಂಬಗಳ ಆರೋಗ್ಯವಂತರ ಮಲವನ್ನು ಪರೀಕ್ಷಿಸಿ, ವಯಸ್ಸಿನೊಡನೆ ಬ್ಯಾಕ್ಟೀರಿಯಗಳ ಬಳಗವೂ ಬದಲಾಗುವುದನ್ನು ೨೦೧೨ರಲ್ಲಿ ಪ್ರಕಟಿಸಿದರು. ಎರಡೇ ಕುಟುಂಬ, ಬೆರಳೆಣಿಕೆಯ ಜನ. ಇಷ್ಟರಿಂದ ದೊಡ್ಡ ತೀರ್ಮಾನ ಸಲ್ಲದು. ಆದರೂ ಅಜ್ಜಿ ಮೊಮ್ಮಕ್ಕಳನ್ನು ಒಂದೇ ಮನೆಯಲ್ಲಿಟ್ಟು ಹೋಲಿಸುವ ಈ ಅವಕಾಶ, ಮಕ್ಕಳು ಬೇರೆ ಮುದುಕರು ಬೇರೆಯಾಗಿರುವ ನಾಡುಗಳಲ್ಲಿ ಅಷ್ಟು ಸುಲಭವಾಗಿ ದೊರೆಯಲಾರದು.

ಕರುಳಿನ ಬ್ಯಾಕ್ಟೀರಿಯಗಳಿಗೂ ಮುಪ್ಪಿಗೂ ಗಂಟುಹಾಕಿದವರಲ್ಲಿ ಎಲ್ಲರಿಗಿಂತ ಹೆಸರಾದವರು ರಷ್ಯ ಮೂಲದ ಎಲೀ ಮೆಚ್ನಿಕಾಫ್. ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಅವರು ರೋಗನಿರೋಧ ಶಕ್ತಿಯ ಸಂಶೋಧನೆಗಾಗಿ ೧೯೦೮ರಲ್ಲಿ ನೊಬೆಲ್ ಬಹುಮಾನವನ್ನು ಪಾಲ್ ಎರ್ಲಿಕ್‌ರೊಡನೆ ಹಂಚಿಕೊಂಡರು. ದೊಡ್ಡ ಕರುಳಿನಲ್ಲಿ ಆಹಾರ ಕೊಳೆತು ಹುಟ್ಟುವ ವಿಷಗಳಿಂದಲೇ ಮನುಷ್ಯ ಬೇಗ ಮುದುಕನಾಗುತ್ತಾನೆಂಬುದು ಅವರ ವಾದ. ಬಲ್ಗೇರಿಯದ ರೈತರು ಹುಳಿಹಾಲು ಕುಡಿದು ದೀರ್ಘಾಯುಗಳಾಗಿರುವರೆಂದು ಕೇಳಿ, ಆ ಹಾಲಿನಲ್ಲಿರುವ ಆಮ್ಲಕಾರಕ ಬ್ಯಾಕ್ಟೀರಿಯವೇ ಮುಪ್ಪಿನ ಮದ್ದೆಂದು ೧೯೦೭ರ ತಮ್ಮ ಗ್ರಂಥದಲ್ಲಿ ಸಾರಿದರು. ತಾವೂ ನಿತ್ಯ ಹುಳಿಹಾಲು ಕುಡಿದರು. ಯೂರೋಪಿನ ಶ್ರೀಮಂತರು ಅದಕ್ಕೆ ಮುಗಿಬಿದ್ದರು. ಊಟದ ಕೊನೆಗೆ ಮಜ್ಜಿಗೆಯಿಲ್ಲದೆ ಎಲೆ ಬಿಟ್ಟೇಳದ ಕನ್ನಡಿಗರಿಗೆ ಇದನ್ನು ಓದಿದರೆ ನಗು ಬರಬಹುದು. ಆದರೆ ಹುಳಿಹಾಲಿನ ಆ ಬ್ಯಾಕ್ಟೀರಿಯ ಕರುಳಿನಲ್ಲಿ ಬೇರುಬಿಡದೆ ದಾರಿಹೋಕನಂತೆ ಹಾದುಹೋಗುವುದೆಂದು ಮುಂದೆ ತಿಳಿದುಬಂದಿತು. ಮೆಚ್ನಿಕಾಫರೂ ಚಿರಂಜೀವಿಗಳಾಗಲಿಲ್ಲ, ೧೯೧೬ರಲ್ಲಿ, ೭೧ರ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಕಾಲದಲ್ಲಿ ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಅರ್ಬತ್‌ನಾಟ್ ಲೇನ್, ಕರುಳೇ ವಿಷದ ಮೂಲವೆಂದು ನಂಬಿ, ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕೊಯ್ದು ತೆಗೆದರು. ಒಕ್ಕಲು ಸರಿಯಿಲ್ಲವೆಂದು ಹೊಲವನ್ನೇ ಹಾಳುಗೆಡಹಿದ ಹಾಗೆ! ಇಂತಹ ಅತಿರೇಕಗಳಿಂದಾಗಿ ಇಡೀ ವಿಷಯವೇ ಬಹುಕಾಲ ನಗೆಪಾಟಲಾಯಿತು. ಮಲದಲ್ಲಿರುವ ಬ್ಯಾಕ್ಟೀರಿಯಗಳನ್ನು ಅವುಗಳ ವಂಶಧಾತುವಿನಿಂದಲೇ ಗುರುತಿಸುವ ಉಪಾಯಗಳು ಕೈಗೆ ಬಂದ ಮೇಲೆ ಮತ್ತೆ ಜೀವ ಬಂದಿದೆ.

ಮಲ್ಲಿಪಟ್ಟಣದ ಮನೆಯ ಒಳಕೋಣೆಗೆ ಈಗ ಹೋಗಬಹುದು.

ಕೂಸು ತಾಯಿಯ ಗರ್ಭದಿಂದ ಹೊರಬೀಳುವ ಗಳಿಗೆಯಲ್ಲಿಯೇ ಒಕ್ಕಲೇಳಲು ಬ್ಯಾಕ್ಟೀರಿಯಗಳು ಬಾಗಿಲಲ್ಲಿ ನಿಂತಿರುತ್ತವೆ. ಮೊದಲು ನುಗ್ಗುವುವು ಗಾಳಿಯಲ್ಲಿಯೂ ಬದುಕಬಲ್ಲ ಗಟ್ಟಿಗರು. ಅವು ಕರುಳಿನ ಆಮ್ಲಜನಕವನ್ನು ತೀರಿಸಿಬಿಟ್ಟ ಮೇಲೆ ಗಾಳಿಯ ಸೋಂಕನ್ನು ಸಹಿಸದ ಬಿಫಿಡೋಬ್ಯಾಕ್ಟೀರಿಯಗಳು ಬರುತ್ತವೆ. ಮೊಲೆಹಾಲು ಕುಡಿಯುವ ಶಿಶುಗಳಲ್ಲಿ ಈ ಕವಲೊಡೆದ ಆಕಾರದ ಬ್ಯಾಕ್ಟೀರಿಯವನ್ನು ಮೊದಲು ಗುರುತಿಸಿದವರು ಪಾಸ್ತರ್ ಸಂಸ್ಥೆಯ ಆನ್ರಿ ತಿಸ್ಸಿಯೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿನ ಮಾತದು.

ತಾಯಿಯ ಹಾಲಿನಲ್ಲಿ ಒಂದು ವಿಚಿತ್ರವಿದೆ. ಹಾಲುಸಕ್ಕರೆ ಮತ್ತು ಕೊಬ್ಬುಗಳನ್ನು ಬಿಟ್ಟರೆ ಅದರ ಘನಪದಾರ್ಥಗಳಲ್ಲಿ ಮೂರನೆಯ ಸ್ಥಾನ ಆಲಿಗೋಸ್ಯಾಕರೈಡ್ ಎಂಬ ಸಂಕೀರ್ಣ ಸಕ್ಕರೆಗಳದು. ಇವುಗಳಲ್ಲಿ ನೂರೈವತ್ತಕ್ಕೂ ಹೆಚ್ಚು ಬಗೆಗಳಿವೆ. ಆದರೆ ಅವನ್ನು ಅರಗಿಸುವ ಶಕ್ತಿ ಕೂಸಿಗಿಲ್ಲ! ಹಾಗಿದ್ದರೆ ತಾಯಿಯ ದೇಹ ಇಷ್ಟು ಶ್ರಮಪಟ್ಟು ಅವನ್ನು ಹಾಲಿಗೆ ಬೆರೆಸುವುದೇಕೆ? ಉತ್ತರ ತಿಳಿದಾಗ ವಿಜ್ಞಾನಿಗಳೇ ಬೆರಗಾದರು. ಆ ಊಟ ಕೂಸಿಗಲ್ಲ, ಕೂಸಿನ ಒಕ್ಕಲಿಗೆ. ಬಿಫಿಡೋಬ್ಯಾಕ್ಟೀರಿಯಗಳು ಆ ಸಕ್ಕರೆಯನ್ನುಂಡು ಬೆಳೆದು, ಕರುಳನ್ನು ಹುಳಿಯಾಗಿಸಿ, ಕೆಟ್ಟ ಬ್ಯಾಕ್ಟೀರಿಯಗಳು ತಲೆಯೆತ್ತದಂತೆ ಮಾಡುತ್ತವೆ. ತಾಯಿ ಒಂದು ಎದೆಯಿಂದ ಇಬ್ಬರನ್ನು ಸಾಕುತ್ತಾಳೆಂದಾಯಿತು.

ಇಂತಹ ಏರ್ಪಾಟಿರುವಾಗ ಹುಟ್ಟಿದ ಮಗುವಿನ ಬಾಯಿಗೆ ಮೊದಲು ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆಗಳನ್ನು ಮುಟ್ಟಿಸಿ, ಮೊದಲ ದಿನಗಳ ಹಳದಿಯ ಹಾಲನ್ನು ಹಿಂಡಿ ಚೆಲ್ಲುವ ರೂಢಿ ಎಷ್ಟು ಹಾನಿಕರವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ೨೦೧೯ರಿಂದ ೨೦೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಕುಡಿದ ಮಕ್ಕಳು ನೂರಕ್ಕೆ ೪೨. ಆರು ತಿಂಗಳೊಳಗಿನವರಲ್ಲಿ ಮೊಲೆಹಾಲನ್ನೇ ಹೊರತು ಬೇರೇನನ್ನೂ ಕುಡಿಯದವರು ನೂರಕ್ಕೆ ೬೪.

ಜೇನಿನ ಮಾತನ್ನು ತುಸು ಬೆಳೆಸಬೇಕಾಗಿದೆ. ಕರುಳಿನ ವಯಸ್ಸೆಂದರೇನು ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕದು. ಬೊಟ್ಯುಲಿಸಮ್ ಎಂಬ ಘೋರ ಪಾರ್ಶ್ವವಾಯುವನ್ನು ತರುವ ಒಂದು ಬ್ಯಾಕ್ಟೀರಿಯದ ಬೀಜಗಳು ಜೇನಿನಲ್ಲಿ ಒಮ್ಮೊಮ್ಮೆ ಇರುತ್ತವೆ. ಅದೇ ಜೇನನ್ನು ಅಜ್ಜಿ ತಿಂದರೆ ಏನೂ ಆಗದು. ಅವಳ ಕರುಳಿನಲ್ಲಿ ಆಗಲೇ ತುಂಬಿರುವ ಒಕ್ಕಲುಗಳು ಆ ಬೀಜ ಮೊಳೆಯಲು ಅಂಗುಲ ನೆಲವನ್ನೂ ಬಿಡವು. ಕೂಸಿನ ಕರುಳಾದರೋ ಬೀಳುಭೂಮಿ. ಅಲ್ಲಿ ಬಿದ್ದ ಬೀಜ ಮೊಳೆತು ವಿಷವನ್ನು ಸ್ರವಿಸಬಹುದು. ೧೯೭೬ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಈ ಶಿಶುರೋಗವನ್ನು ಗುರುತಿಸಲಾಯಿತು. ಹೀಗೆ ಕಾಯಿಲೆ ಬೀಳುವ ಮಕ್ಕಳು ವಿರಳವೇ ಸರಿ. ಆದರೂ ವರ್ಷ ತುಂಬುವವರೆಗೆ ಮಗುವಿಗೆ ಜೇನು ಸಲ್ಲದೆಂದು ಮಕ್ಕಳ ವೈದ್ಯರು ಹೇಳುವುದು ಇದಕ್ಕಾಗಿಯೇ.

ಹೆರಿಗೆಯ ರೀತಿಯಿಂದಲೂ ಒಕ್ಕಲು ವ್ಯತ್ಯಾಸವಾಗುತ್ತದೆ. ಬ್ರಿಟನ್ನಿನ ೫೯೬ ಶಿಶುಗಳನ್ನು ಪರೀಕ್ಷಿಸಿದ ವರದಿಯೊಂದು ೨೦೧೯ರಲ್ಲಿ ಬಂದಿತು. ಸಹಜವಾಗಿ ಹುಟ್ಟಿದ ಮಕ್ಕಳ ಕರುಳಿನಲ್ಲಿ ತಾಯಿಯಿಂದ ಬಂದ ಬ್ಯಾಕ್ಟೀರಿಯಗಳು ಹೆಚ್ಚು. ಸಿಸೇರಿಯನ್ ಮಕ್ಕಳಲ್ಲಿ ಆಸ್ಪತ್ರೆಯ ಪರಿಸರದವು ಹೆಚ್ಚು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು ೩೧ ಹೆರಿಗೆಗಳು ಶಸ್ತ್ರಕ್ರಿಯೆಯಿಂದಲೇ ಆಗುತ್ತಿದ್ದುವೆಂದು ಮೇಲಿನ ಸಮೀಕ್ಷೆಯೇ ಹೇಳುವುದರಿಂದ ತಾಯಂದಿರು ಗಾಬರಿಯಾಗಬಹುದು. ಗಾಬರಿಗೆ ಕಾರಣವಿಲ್ಲ. ಮಗು ದೊಡ್ಡದಾದಂತೆ ಆ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುವುದೂ ಅದೇ ಪರೀಕ್ಷೆಯಲ್ಲಿ ಕಂಡಿತು. ತಾಯಿ ಮಗುವಿನ ಜೀವವುಳಿಸಲು ಬೇಕಾದ ಶಸ್ತ್ರಕ್ರಿಯೆಯನ್ನು ಬ್ಯಾಕ್ಟೀರಿಯದ ನೆಪದಿಂದ ಬೇಡವೆನ್ನುವುದು ಮೂರ್ಖತನ. ಮುಹೂರ್ತ ನೋಡಿ ಕೊಯ್ಸಿಕೊಳ್ಳುವವರು ಮಾತ್ರ ಒಮ್ಮೆ ಯೋಚಿಸಬಹುದು.

ಎಳೆಯ ಕರುಳಿಗೆ ಸರಿಯಾದ ಒಕ್ಕಲು ಹೂಡಿದರೆ ಏನಾದೀತೆಂಬುದನ್ನು ಒಡಿಶಾದ ೧೪೯ ಹಳ್ಳಿಗಳಲ್ಲಿ ನೋಡಲಾಯಿತು. ೪,೫೫೬ ನವಜಾತ ಶಿಶುಗಳಲ್ಲಿ ಅರ್ಧದಷ್ಟು ಮಕ್ಕಳಿಗೆ ಏಳು ದಿನ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್ ಎಂಬ ಬ್ಯಾಕ್ಟೀರಿಯವನ್ನೂ, ಅದರ ಆಹಾರವಾದ ಒಂದು ಸಕ್ಕರೆಯನ್ನೂ ಕುಡಿಸಿದರು. ಉಳಿದವರಿಗೆ ಬರಿಯ ಹುಸಿಮದ್ದು. ಹುಸಿಮದ್ದು ಕುಡಿದ ಮಕ್ಕಳಲ್ಲಿ ರಕ್ತದ ನಂಜಿಗೆ ಅಥವಾ ಸಾವಿಗೆ ಈಡಾದವರು ನೂರಕ್ಕೆ ೯. ಬ್ಯಾಕ್ಟೀರಿಯ ಕುಡಿದವರಲ್ಲಿ ನೂರಕ್ಕೆ ೫.೪. ಹೆಚ್ಚೇನೂ ಬೆಲೆಯಿಲ್ಲದ ಒಂದು ವಾರದ ಮದ್ದಿನಿಂದ ನಂಜು, ಸಾವುಗಳು ನೂರಕ್ಕೆ ನಲವತ್ತರಷ್ಟು ತಗ್ಗಿದುದನ್ನು ೨೦೧೭ರಲ್ಲಿ ಪ್ರಕಟಿಸಿದಾಗ ಲೋಕವೇ ತಿರುಗಿ ನೋಡಿತು. ಹಾಗೆಂದು ಔಷಧದಂಗಡಿಯಲ್ಲಿ ಸಿಕ್ಕಿದ ಪೊಟ್ಟಣವನ್ನು ತಂದು ಕೂಸಿಗೆ ಹಾಕತಕ್ಕದ್ದಲ್ಲ. ಒಡಿಶಾದಲ್ಲಿ ಬಳಸಿದ ತಳಿ ಬೇರೆ, ಅಂಗಡಿಯ ತಳಿ ಬೇರೆ. ಒಂದರ ಗುಣ ಇನ್ನೊಂದಕ್ಕಿರಬೇಕೆಂಬ ನಿಯಮವಿಲ್ಲ.

ಮಗು ಅನ್ನ ಕಂಡ ಮೇಲೆ ಕರುಳಿನ ಸಂಸಾರ ಬೇರೆಯಾಗುತ್ತದೆ. ಹಾಲಿನ ಒಕ್ಕಲು ಹಿಂದೆ ಸರಿದು ಕಾಳು, ಧಾನ್ಯ, ತರಕಾರಿಗಳ ಒಕ್ಕಲು ಮುಂದೆ ಬರುತ್ತದೆ. ಮೂರು ವರ್ಷ ತುಂಬುವ ವೇಳೆಗೆ ಅದು ಬಹುಮಟ್ಟಿಗೆ ದೊಡ್ಡವರ ಕರುಳನ್ನು ಹೋಲುವುದೆಂದು ಆಫ್ರಿಕದ ಮಲಾವಿ, ದಕ್ಷಿಣ ಅಮೆರಿಕದ ವೆನಿಜುವೆಲ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳ ಜನರನ್ನು ಹೋಲಿಸಿದ ೨೦೧೨ರ ಅಧ್ಯಯನವೊಂದು ತೋರಿಸಿತು.

ಈ ಮೂರು ವರ್ಷಗಳಲ್ಲಿ ಹೊಟ್ಟೆಗಿಲ್ಲದ ಮಕ್ಕಳ ಪಾಡೇನು? ಬಾಂಗ್ಲಾದೇಶದ ಢಾಕಾ ನಗರದಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ತೀವ್ರ ನ್ಯೂನಪೋಷಣೆಯಿಂದ ಬಳಲುವ ಮಕ್ಕಳ ಕರುಳಿನ ಬ್ಯಾಕ್ಟೀರಿಯಗಳು ಅವರ ವಯಸ್ಸಿಗೆ ತಕ್ಕಂತೆ ಬೆಳೆಯದೆ, ಇನ್ನೂ ಎಳೆಯ ಕೂಸಿನದರಂತೆ ಉಳಿದಿದ್ದುವು. ಸತ್ತ್ವಯುತ ಆಹಾರ ಕೊಟ್ಟರೂ ಸುಧಾರಣೆ ಕೆಲಕಾಲ ನಿಂತು ಮತ್ತೆ ಜಾರುತ್ತಿತ್ತು. ಮಗು ಬೆಳೆಯಬೇಕಾದರೆ ಅದರ ಒಕ್ಕಲೂ ಬೆಳೆಯಬೇಕೆಂಬುದು ೨೦೧೪ರಲ್ಲಿ ಹೀಗೆ ಹೊರಬಿದ್ದಿತು. ಬಳಿಕ ಆ ಒಕ್ಕಲನ್ನು ಪುಷ್ಟಿಗೊಳಿಸುವಂತಹ ಆಹಾರವೊಂದನ್ನು ತಯಾರಿಸಿ ಢಾಕಾದ ಕೊಳೆಗೇರಿಯ ಮಕ್ಕಳಿಗೆ ಮೂರು ತಿಂಗಳು ಉಣಿಸಿ ನೋಡಿದರು. ಅದಕ್ಕಿಂತ ಹೆಚ್ಚು ಶಕ್ತಿಯನ್ನು ಕೊಡುವ ಮಾಮೂಲು ಪೂರಕ ಆಹಾರವನ್ನುಂಡ ಮಕ್ಕಳಿಗಿಂತ ಇವರೇ ಚೆನ್ನಾಗಿ ಮೈತುಂಬಿಕೊಂಡರೆಂದು ೨೦೨೧ರಲ್ಲಿ ವರದಿಯಾಯಿತು. ಆ ಆಹಾರದಲ್ಲಿದ್ದುದೇನು? ಕಡಲೆಹಿಟ್ಟು, ಕಡಲೆಕಾಯಿಯ ಹಿಟ್ಟು, ಸೋಯಾ ಹಿಟ್ಟು ಮತ್ತು ಬಾಳೆಕಾಯಿ! ಅರಕಲಗೂಡಿನ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಬಹುಪಾಲು ಸಿಕ್ಕೀತು.

ನಡುವಯಸ್ಸಿನ ವಿಚಾರದಲ್ಲಿ ಹೇಳಬೇಕಾದುದು ಕಡಮೆ. ತೀರ ಕೆಟ್ಟ ಕಾಯಿಲೆಯೋ ಔಷಧವೋ ಅಡ್ಡಬರದಿದ್ದರೆ ಒಕ್ಕಲು ಬಹುಮಟ್ಟಿಗೆ ನೆಲೆನಿಂತಿರುತ್ತದೆ. ಅದರ ಬಣ್ಣವನ್ನು ನಿರ್ಧರಿಸುವುದು ತಟ್ಟೆ. ಭೋಪಾಲ ಮತ್ತು ಕೇರಳದ ಜನರನ್ನು ಹೋಲಿಸಿ ೨೦೧೯ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಧಾನ್ಯ ಕಾಳುಗಳ ಊಟಕ್ಕೆ ಒಗ್ಗಿದ ಪ್ರೆವೊಟೆಲ್ಲ ಎಂಬ ಬ್ಯಾಕ್ಟೀರಿಯವು ಭೋಪಾಲದವರಲ್ಲಿ ಹೇರಳವಾಗಿ ಕಂಡಿತು. ಮೀನು ಮಾಂಸಗಳನ್ನೂ ಉಣ್ಣುವ ಕೇರಳದವರಲ್ಲಿ ಅದು ಕಡಮೆ. ಹಾಸನದ ಸೀಮೆಯ ರಾಗಿಗೆ ಇಲ್ಲೊಂದು ಹೆಚ್ಚುಗಾರಿಕೆಯಿದೆ. ಅಕ್ಕಿಯನ್ನು ಗಿರಣಿಯಲ್ಲಿ ಪಾಲೀಷು ಮಾಡಿ ತವುಡು ತೆಗೆಯುವ ಹಾಗೆ ರಾಗಿಯ ಸಿಪ್ಪೆಯನ್ನು ತೆಗೆಯುವುದು ಸುಲಭವಲ್ಲ. ಮೆತ್ತನೆಯ ಒಳತಿರುಳಿಗೆ ಅದು ಬಿಗಿಯಾಗಿ ಅಂಟಿಕೊಂಡಿರುತ್ತದೆ. ಆದುದರಿಂದ ರಾಗಿಯನ್ನು ಇಡಿಯಾಗಿಯೇ ಬೀಸಬೇಕು, ನಾರುಸಹಿತವಾಗಿಯೇ ಉಣ್ಣಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ೨೦೧೭ರ ಪಟ್ಟಿಯಂತೆ ನೂರು ಗ್ರಾಂ ರಾಗಿಯಲ್ಲಿ ೧೧ ಗ್ರಾಂ ನಾರಿದ್ದರೆ, ಪಾಲೀಷು ಅಕ್ಕಿಯಲ್ಲಿ ೩ ಗ್ರಾಂ ಕೂಡ ಇಲ್ಲ. ಬಡವರ ಧಾನ್ಯವೆಂದು ಪೇಟೆಯವರು ದೂರವಿಟ್ಟ ರಾಗಿ ಈಗ ಬೆಂಗಳೂರಿನ ಅಂಗಡಿಗಳಲ್ಲಿ ಬಣ್ಣದ ಪೊಟ್ಟಣದೊಳಗೆ ಕುಳಿತು ದುಬಾರಿಯಾಗಿರುವುದನ್ನು ನೋಡಿದರೆ ಅಜ್ಜಿಗೆ ಏನನ್ನಿಸೀತೋ!

ಆ ಅಜ್ಜಿಯ ಕಡೆಗೆ ಈಗ ತಿರುಗಬೇಕು. ಮನೆಯವರ ಕಣ್ಣಿಗೆ ಬೀಳದೆ ಬಹಳ ನಡೆದುಹೋಗುವುದು ಅವಳಲ್ಲಿಯೇ.

ಅರವತ್ತೈದು ದಾಟಿದ ಮೇಲೆ ಒಕ್ಕಲಿನಲ್ಲಿ ಪಲ್ಲಟ ಮೊದಲಾಗುತ್ತದೆ. ಬ್ಯುಟಿರೇಟ್ ತಯಾರಿಸುವ ಬಳಗಗಳು ಅನೇಕರಲ್ಲಿ ಕುಗ್ಗುವುವು. ಸಮಯ ಸಿಕ್ಕಿದರೆ ತೊಂದರೆ ಕೊಡುವಂತಹವು ಹಿಗ್ಗುವುವು. ಕರುಳಿನ ಗೋಡೆ ಸಡಿಲವಾಗಿ, ಒಳಗಿರಬೇಕಾದ ಬ್ಯಾಕ್ಟೀರಿಯದ ಚೂರುಗಳು ರಕ್ತಕ್ಕೆ ಸೋರಿ, ಮೈಯಲ್ಲಿ ಬೂದಿ ಮುಚ್ಚಿದ ಕೆಂಡದಂತಹ ಉರಿಯೂತ ಉಳಿದುಬಿಡುತ್ತದೆ. ಕೆನಡದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದವರು ಯಾವ ಬ್ಯಾಕ್ಟೀರಿಯವೂ ಸೋಕದಂತೆ ಇಲಿಗಳನ್ನು ಸಾಕಿ ನೋಡಿದಾಗ, ಅವುಗಳಿಗೆ ವಯಸ್ಸಾದರೂ ಈ ಉರಿಯೂತ ಏರಲಿಲ್ಲ. ಇದು ೨೦೧೭ರ ಸಂಗತಿ. ಮೆಚ್ನಿಕಾಫರ ಗುಮಾನಿಯಲ್ಲಿ ಹುರುಳಿತ್ತೆಂದು ಶತಮಾನ ಕಳೆದ ಮೇಲೆ ಒಪ್ಪಬೇಕಾಯಿತು.

ಇದೆಲ್ಲ ವಯಸ್ಸಿನ ತಪ್ಪೇ, ಅಥವಾ ತಟ್ಟೆಯ ತಪ್ಪೇ? ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರು ೧೭೮ ಮಂದಿ ವೃದ್ಧರನ್ನು ಪರೀಕ್ಷಿಸಿ ೨೦೧೨ರಲ್ಲಿ ಕೊಟ್ಟ ಉತ್ತರವನ್ನು ಮನೆಯಲ್ಲಿ ಹಿರಿಯರಿರುವ ಪ್ರತಿಯೊಬ್ಬರೂ ತಿಳಿದಿರಬೇಕು. ಅವರಲ್ಲಿ ಕೆಲವರು ಸ್ವಂತ ಮನೆಗಳಲ್ಲಿದ್ದವರು. ಕೆಲವರು ವೃದ್ಧರ ಆರೈಕೆಯ ನಿಲಯಗಳಲ್ಲಿ ಬಹುಕಾಲ ಇದ್ದವರು. ವಯಸ್ಸು ಹೆಚ್ಚುಕಡಮೆ ಒಂದೇ. ಆದರೆ ಮನೆಯವರ ಕರುಳಿನ ಒಕ್ಕಲಿನಲ್ಲಿ ವೈವಿಧ್ಯವಿತ್ತು. ನಿಲಯದವರಲ್ಲಿ ಅದು ಬಡವಾಗಿತ್ತು. ಯಾರ ಒಕ್ಕಲು ಬಡವೋ ಅವರ ಮೈಯಲ್ಲಿ ನಿಶ್ಶಕ್ತಿ ಹೆಚ್ಚು, ಉರಿಯೂತ ಹೆಚ್ಚು. ಊಟವನ್ನು ವಿಚಾರಿಸಿದರೆ, ಮನೆಯಲ್ಲಿದ್ದವರದು ಹಣ್ಣು ತರಕಾರಿಗಳ ಬಗೆಬಗೆಯ ಊಟ; ನಿಲಯದ್ದು ನಾರು ಕಡಮೆಯಾದ, ದಿನವೂ ಅದೇ ಆದ ಊಟ. ಮೊದಲು ಊಟ ಬದಲಾಗುತ್ತಿತ್ತು. ಒಕ್ಕಲು ಆಮೇಲೆ ನಿಧಾನವಾಗಿ ಕ್ಷೀಣಿಸುತ್ತಿತ್ತು.

ಮಲ್ಲಿಪಟ್ಟಣದ ಅಜ್ಜಿ ಯಾವ ನಿಲಯಕ್ಕೂ ಹೋಗಿಲ್ಲ. ಮಗ ಸೊಸೆಯರ ನಡುವೆ ಸುಖವಾಗಿದ್ದಾಳೆ. ಆದರೆ ತಟ್ಟೆ ಮಾತ್ರ ನಿಲಯಕ್ಕೆ ಹೋಗಿಬಿಟ್ಟಿದೆ. ಬೆಳಿಗ್ಗೆ ಕಾಫಿ ಬಿಸ್ಕತ್ತು, ಮಧ್ಯಾಹ್ನ ಗಂಜಿ, ರಾತ್ರಿ ಹಾಲು ಬ್ರೆಡ್ಡು. ಹಲ್ಲಿಲ್ಲವೆಂದು ಸೌತೆಕಾಯಿ ನಿಂತಿತು. ವಾಯುವೆಂದು ಕಾಳು ನಿಂತಿತು. ಶೀತವೆಂದು ಬಾಳೆಹಣ್ಣು ನಿಂತಿತು. ರಾತ್ರಿ ಏಳಬೇಕಾದೀತೆಂದು ನೀರನ್ನು ಅವಳೇ ನಿಲ್ಲಿಸಿಕೊಂಡಳು. ಮೂರು ದಿನಕ್ಕೊಮ್ಮೆ ಮಲವಿಸರ್ಜನೆಯಾಗುತ್ತಿರುವುದನ್ನು ಮಾತ್ರ ಸಂಕೋಚದಿಂದ ಯಾರಿಗೂ ಹೇಳಿಲ್ಲ.

ಔಷಧಗಳ ಪಾಲೂ ಸಣ್ಣದಲ್ಲ. ಎದೆಯುರಿಯ ಮಾತ್ರೆಯನ್ನು ಎಂದೋ ಒಮ್ಮೆ ಬರೆದುಕೊಟ್ಟಿದ್ದನ್ನು ವರ್ಷಗಟ್ಟಲೆ ನುಂಗುತ್ತ ಬರುವ ಹಿರಿಯರು ಎಷ್ಟೋ ಮಂದಿ. ಜಠರದ ಆಮ್ಲ ತಗ್ಗಿದರೆ ಬಾಯಿಯ ಬ್ಯಾಕ್ಟೀರಿಯಗಳು ಬದುಕುಳಿದು ಕರುಳಿಗಿಳಿಯುವುವು. ಪ್ರತಿಜೀವಕ ಔಷಧಗಳಂತೂ ಕಳೆಯೊಡನೆ ಪೈರನ್ನೂ ಕಿತ್ತು ಹಾಕುವುವು. ನ್ಯುಮೋನಿಯದಂತಹ ಕಾಯಿಲೆಯಲ್ಲಿ ಅವು ಜೀವದಾನ ಮಾಡುವುದು ನಿಜ. ಆದರೆ ವೈರಸ್ಸಿನಿಂದ ಬಂದ ನೆಗಡಿಗೂ ಅಂಗಡಿಯವನನ್ನು ಕೇಳಿ ನಾಲ್ಕು ಗುಳಿಗೆ ನುಂಗುವ ಚಟ ಒಳ್ಳೆಯದಲ್ಲ. ಹೀಗೆ ಬರಿದಾದ ನೆಲಕ್ಕೆ ಕ್ಲಾಸ್ಟ್ರಿಡಿಯಮ್ ಡಿಫಿಸಿಲ್ ಎಂಬ ದುಷ್ಟ ಬ್ಯಾಕ್ಟೀರಿಯ ನುಗ್ಗಿದರೆ ತಡೆಯಿಲ್ಲದ ಭೇದಿ ಹಿಡಿಯುತ್ತದೆ; ವೃದ್ಧರಿಗೆ ಅದರಿಂದ ಪ್ರಾಣಾಪಾಯವೂ ಉಂಟು. ಹಾಲೆಂಡಿನ ವೈದ್ಯರು ಇಂತಹ ರೋಗಿಗಳಿಗೆ ಮಾಡಿದ ಚಿಕಿತ್ಸೆಯನ್ನು ಕೇಳಿದರೆ ಮಡಿವಂತರು ಮೂಗು ಮುಚ್ಚಿಕೊಂಡಾರು. ಆರೋಗ್ಯವಂತರ ಮಲವನ್ನು ಸೋಸಿ, ಮೂಗಿನಿಂದ ಸಣ್ಣ ಕರುಳಿಗಿಳಿಸಿದ ನಳಿಕೆಯ ಮೂಲಕ ರೋಗಿಯ ಹೊಟ್ಟೆಗೆ ಸೇರಿಸಿದರು. ೧೬ ಮಂದಿಯಲ್ಲಿ ೧೩ ಮಂದಿ ಒಂದೇ ಸಲಕ್ಕೆ ಗುಣಹೊಂದಿದರು! ಬೇರೆ ಚಿಕಿತ್ಸೆಯವರಿಗಿಂತ ಇವರ ಫಲ ಅಷ್ಟು ಮೇಲಾದುದರಿಂದ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತೆಂದು ೨೦೧೩ರಲ್ಲಿ ವರದಿಯಾಯಿತು. ಹಾಳುಬಿದ್ದ ಊರಿಗೆ ಹೊಸ ಒಕ್ಕಲು ಕರೆತಂದಂತೆಯೇ ಇದು.

ಹಾಗಾದರೆ ನೂರು ದಾಟಿ ಗಟ್ಟಿಮುಟ್ಟಾಗಿರುವವರ ಗುಟ್ಟೇನು? ಜಪಾನಿನ ವಿಜ್ಞಾನಿಗಳು ಸರಾಸರಿ ೧೦೭ ವರ್ಷ ವಯಸ್ಸಿನ ೧೬೦ ಮಂದಿಯನ್ನು ಪರೀಕ್ಷಿಸಿ ೨೦೨೧ರಲ್ಲಿ ಒಂದು ಸ್ವಾರಸ್ಯವನ್ನು ತಿಳಿಸಿದರು. ಆ ಶತಾಯುಷಿಗಳ ಕರುಳಿನ ಕೆಲವು ಬ್ಯಾಕ್ಟೀರಿಯಗಳು ಪಿತ್ತರಸವನ್ನು ಮಾರ್ಪಡಿಸಿ ಒಂದು ವಿಶೇಷ ಆಮ್ಲವನ್ನು ತಯಾರಿಸುತ್ತವೆ. ಮೇಲೆ ಹೇಳಿದ ಡಿಫಿಸಿಲ್ ಮೊದಲಾದ ರೋಗಾಣುಗಳನ್ನು ಅದು ಕೊಲ್ಲಬಲ್ಲುದು. ಆ ಒಕ್ಕಲಿನಿಂದ ಅವರು ಬಹುಕಾಲ ಬಾಳಿದರೋ, ಬಹುಕಾಲ ಬಾಳಿದುದರಿಂದ ಆ ಒಕ್ಕಲು ಸೇರಿತೋ ಹೇಳುವುದು ಕಷ್ಟ. ಈ ವಿಷಯದಲ್ಲಿ ಅಂಗಡಿಯ ಜಾಹೀರಾತುಗಳು ವಿಜ್ಞಾನಿಗಳಿಗಿಂತ ಬಹಳ ಮುಂದೆ ಓಡಿಬಿಟ್ಟಿವೆ.

ಶತಾಯುಷಿಗಳ ಮಾತು ಹಾಗಿರಲಿ. ಊಟ ಬದಲಿಸಿದರೆ ಎಪ್ಪತ್ತರ ಮುದುಕರ ಒಕ್ಕಲು ಸುಧಾರಿಸುವುದೇ ಎಂಬ ಪ್ರಶ್ನೆಗೆ ಮಾತ್ರ ಭರವಸೆಯ ಉತ್ತರ ದೊರೆತಿದೆ. ಯೂರೋಪಿನ ಐದು ದೇಶಗಳ, ೬೫ರಿಂದ ೭೯ ವರ್ಷದ ೬೧೨ ಮಂದಿಯ ಮೇಲೆ ನಡೆದ ಪ್ರಯೋಗವದು. ಅರ್ಧಕ್ಕೂ ಹೆಚ್ಚು ಮಂದಿ ವರ್ಷವಿಡೀ ಕಾಳು, ಇಡಿಧಾನ್ಯ, ತರಕಾರಿ, ಹಣ್ಣು, ಮೀನು, ಆಲಿವ್ ಎಣ್ಣೆಗಳ ಊಟವನ್ನುಂಡರು; ಉಳಿದವರು ತಮ್ಮ ವಾಡಿಕೆಯ ಊಟವನ್ನೇ ಮುಂದುವರಿಸಿದರು. ಹೊಸ ಊಟವನ್ನು ನಿಷ್ಠೆಯಿಂದ ಪಾಲಿಸಿದವರಲ್ಲಿ ನಿಶ್ಶಕ್ತಿ ಕಡಮೆಯಿರುವವರ, ನೆನಪು ಚುರುಕಾಗಿರುವವರ ಕರುಳಿನಲ್ಲಿ ಕಾಣುವ ಬ್ಯಾಕ್ಟೀರಿಯಗಳು ಹೆಚ್ಚಿದುವು, ಉರಿಯೂತ ತಗ್ಗಿತು. ೨೦೨೦ರ ವರದಿಯಿದು. ಮಜ್ಜಿಗೆಯ ಪಂಗಡಕ್ಕೂ ಸಮಾಧಾನದ ಸುದ್ದಿಯಿದೆ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮೊಸರು ಮೊದಲಾದ ಹುದುಗು ಬಂದ ಆಹಾರವನ್ನು ಧಾರಾಳವಾಗಿ ತಿಂದವರಲ್ಲಿ ಹತ್ತು ವಾರಗಳಲ್ಲೇ ಒಕ್ಕಲಿನ ವೈವಿಧ್ಯ ಹೆಚ್ಚಿದುದು ೨೦೨೧ರಲ್ಲಿ ಕಂಡುಬಂದಿದೆ. ದಾರಿಹೋಕ ಬ್ಯಾಕ್ಟೀರಿಯಗಳೂ ಹೋಗುವಾಗ ಏನಾದರೂ ಉಪಕಾರ ಮಾಡಿಯೇ ಹೋಗುವುವೆಂದು ತೋರುತ್ತದೆ.

ಆಲಿವ್ ಎಣ್ಣೆಗಾಗಿ ಅರಕಲಗೂಡಿನವರು ಪರದೇಶದ ಕಡೆ ನೋಡಬೇಕಾಗಿಲ್ಲ. ನುಣ್ಣಗೆ ಬೆಂದ ಅವರೆಕಾಳು, ಹುರುಳಿಯ ಬಸ್ಸಾರು, ದಂಟಿನ ಸೊಪ್ಪಿನ ಮಸ್ಸಾರು, ಕಳಿತ ಬಾಳೆಹಣ್ಣು, ಪರಂಗಿಹಣ್ಣು, ಒಂದು ಲೋಟ ಮಜ್ಜಿಗೆ, ಇವು ಯಾವುವಕ್ಕೂ ಹಲ್ಲು ಬೇಡ. ಇನ್ನು ಮುದ್ದೆಯ ವಿಚಾರ. ರಾಗಿಮುದ್ದೆಯನ್ನು ಅಗಿಯುವ ಪದ್ಧತಿಯೇ ಇಲ್ಲ! ತುತ್ತು ಮುರಿದು ಸಾರಿನಲ್ಲದ್ದಿ ನುಂಗತಕ್ಕದ್ದು. ಹಲ್ಲಿಲ್ಲದವಳೆಂದು ಅಜ್ಜಿಯಿಂದ ಕಿತ್ತುಕೊಂಡ ಆ ಊಟ ಹಲ್ಲಿಲ್ಲದವರಿಗೇ ಹೇಳಿ ಮಾಡಿಸಿದಂತಿದೆ.

ಒಂದೆರಡು ಎಚ್ಚರಿಕೆಗಳಿವೆ. ಪಾರ್ಶ್ವವಾಯುವಿನಿಂದಲೋ ಇನ್ನಾವುದರಿಂದಲೋ ನುಂಗಲು ತೊಡಕಾಗುವವರಿಗೆ ಮುದ್ದೆ ಅಪಾಯ. ಮೂತ್ರಪಿಂಡದ ಕಾಯಿಲೆಯವರು, ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವವರು ವೈದ್ಯರನ್ನು ಕೇಳಿಯೇ ಊಟ ಬದಲಿಸಬೇಕು. ವರ್ಷಗಟ್ಟಲೆ ಗಂಜಿಯಲ್ಲಿದ್ದ ಕರುಳಿಗೆ ಒಂದೇ ದಿನ ಕಾಳು ಸೊಪ್ಪುಗಳನ್ನು ತುರುಕಿದರೆ ಹೊಟ್ಟೆ ಉಬ್ಬರಿಸುವುದು ಖಂಡಿತ. ಅಳಿದುಳಿದ ಒಕ್ಕಲು ಮತ್ತೆ ಮೊಳೆತು ಹರಡಲು ಕಾಲ ಬೇಕು. ವಾರಕ್ಕೊಂದರಂತೆ, ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಹೋಗಬೇಕು. ನೀರನ್ನು ಹೆಚ್ಚಿಸದೆ ನಾರನ್ನು ಮಾತ್ರ ಹೆಚ್ಚಿಸಿದರೆ ಮಲಬದ್ಧತೆ ಇನ್ನಷ್ಟು ಬಿಗಿಯಾದೀತು.

ಅಡುಗೆಮನೆಯಲ್ಲಿ ಸೊಸೆ ಕೊನೆಯ ಮುದ್ದೆಯನ್ನು ಕಟ್ಟುತ್ತಿದ್ದಾಳೆ. ನಿಂಬೆಹಣ್ಣಿನ ಗಾತ್ರದ ಒಂದು ಪುಟ್ಟ ಮುದ್ದೆ ಬೇರೆಯಾಗಿ ತಟ್ಟೆಯ ಅಂಚಿನಲ್ಲಿದೆ. ಪಕ್ಕದಲ್ಲಿ ಸೊಪ್ಪಿನ ಮಸ್ಸಾರು ಆರುತ್ತಿದೆ.

"ಅತ್ತೆ, ಇವತ್ತು ಇಷ್ಟೇ. ಒಗ್ಗಿದರೆ ನಾಳೆ ನೋಡೋಣ."

"ಇಷ್ಟೇನಾ? ಹೋಗಲಿ, ತುಪ್ಪವನ್ನಾದರೂ ಸರಿಯಾಗಿ ಹಾಕು," ಎನ್ನುತ್ತ ಅಜ್ಜಿ ಕಂಬ ಬಿಟ್ಟು ಏಳುತ್ತಾಳೆ.